ಮಾದಪ್ಪನಿಗೆ ಬಿಟ್ಟ ಹುಲ್ಲೆ

ನಮ್ಮತ್ತೆ ಚನ್ನಾಜಮ್ಮನವರಿಗೆ ಅನುಮಾನವೆಂಬುದು ಎಲೆ ಅಡಿಕೆಯ ಹಾಗೆ. ಬಾಯಿಗೆ ಬೀಳದಿದ್ದರೆ ಹೊತ್ತು ಹೋಗುತ್ತಿರಲಿಲ್ಲ. ಗಾಣದವನು ಎಣ್ಣೆ ಅಳೆಯುವಾಗ ಹೆಬ್ಬೆಟ್ಟನ್ನು ಪಾವಿನೊಳಗೆ ಇಳಿಬಿಡುತ್ತಾನೆ. ಅಗಸನ ಹೆಂಡತಿ ನಮ್ಮ ಸೀರೆ ಉಟ್ಟು ಸಂತೆ ಸುತ್ತಿ ಬಂದ ಮೇಲೆಯೇ ಒಗೆಯಲು ಹಾಕುತ್ತಾಳೆ. ಪಕ್ಕದ ಮನೆಯ ದೊಡ್ಡಬಸಮ್ಮ ಕೆಂಡ ಕೇಳಲು ಬರುವುದು ನಮ್ಮ ಒಲೆಯ ಮೇಲೆ ಏನಿದೆ ಎಂದು ನೋಡಲಿಕ್ಕೆ. ಇದೆಲ್ಲ ಅವರು ಯಾರಿಂದಲೋ ಕೇಳಿದ್ದಲ್ಲ, ಕಣ್ಣಾರೆ ಕಂಡದ್ದೂ ಅಲ್ಲ. ಅವರಿಗೆ ಗೊತ್ತು, ಅಷ್ಟೆ.

ನನ್ನನ್ನಂತೂ ಕೇಳಲೇಬೇಡಿ. ನನ್ನ ತೌರು ಅಗರ. ಗಾಡಿ ಕಟ್ಟಿದರೆ ಬಿಸಿಲೇರುವುದರೊಳಗೆ ಮುಟ್ಟುವಷ್ಟು ಹತ್ತಿರ. ಆದರೆ ಅಗರ ಯಳಂದೂರು ತಾಲೂಕು, ಮೈಸೂರು ಸೀಮೆ. ನಾನು ಸೊಸೆಯಾಗಿ ಬಂದ ಮುಳ್ಳೂರು ಕೊಳ್ಳೇಗಾಲ ತಾಲೂಕು, ಆಗ ಮದರಾಸಿನವರದ್ದು; ನಮ್ಮ ಕಲೆಕ್ಟರು ಕೂರುತ್ತಿದ್ದದ್ದು ಕೊಯಮತ್ತೂರಿನಲ್ಲಿ. ಹಾಗಾಗಿ ಸಾರಿಗೆ ಉಪ್ಪು ಹೆಚ್ಚಾದರೂ ಅತ್ತೆಯ ಪಾಲಿಗೆ ಅದು ಮೈಸೂರಿನವರ ಸಂಚು. 'ನಿಮ್ ಮಾರಾಜ್ರ ಸೀಮೆಯೋರ ಬುದ್ಧಿನೇ ಅಷ್ಟು' ಎನ್ನುವರು, ನಾನು ಅರಮನೆಯಲ್ಲೇ ಹುಟ್ಟಿ ಬೆಳೆದವಳ ಹಾಗೆ. ನಮ್ಮ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚಿ ನನ್ನ ಕೈಗೆರೆ ಸವೆದದ್ದು ಅವರ ಕಣ್ಣಿಗೆ ಬೀಳಲಿಲ್ಲ.

ಇಂಥವರು ಒಂದು ಹುಲ್ಲೆಯನ್ನು ಸಾಕಿದ್ದರು. ಪುಸ್ತಕದಲ್ಲಿ ಕೃಷ್ಣಮೃಗ ಎಂದು ಬರೆಯುತ್ತಾರಂತೆ. ನಮ್ಮ ಕಡೆ ಹುಲ್ಲೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಊರ ಮುಂದಿನ ಬಯಲಿನಲ್ಲಿ ಹುಲ್ಲೆಗಳು ಕುರಿಮಂದೆಯ ಹಾಗೆ ಇರುತ್ತಿದ್ದವು. ಹುರುಳಿ ಹೊಲ ಕಾಯುವುದೇ ಒಂದು ಕೆಲಸ. ಓಡಿಸಿದರೆ ಗಾಳಿಯಲ್ಲಿ ನೆಗೆದು ನೆಗೆದು ಹೋಗುವುದನ್ನು ನೋಡುತ್ತ ನಿಂತು ನಾನು ಬೈಸಿಕೊಂಡದ್ದುಂಟು. ಆಮೇಲೆ ದೊಡ್ಡ ಯುದ್ಧ ಮುಗಿದು ಮಿಲಿಟರಿಯವರು ಮಾರಿದ ಜೀಪುಗಳು ಕಂತ್ರಾಟುದಾರರ ಕೈಗೆ ಬಂದವು. ದೀಪ ಬಿಟ್ಟರೆ ಹುಲ್ಲೆ ಕಣ್ಣು ಬಿಟ್ಟುಕೊಂಡು ನಿಲ್ಲುತ್ತದೆ. ನಿಂತದ್ದನ್ನು ಹೊಡೆಯಲು ಏನು ಗಂಡಸುತನ ಬೇಕು? ಆದರೂ ಬೆಳಗಾದ ಮೇಲೆ ಮೀಸೆ ತಿರುಗಿಸಿಕೊಂಡು ಊರ ಮುಂದೆಯೇ ಹೋಗುವರು, ಬಾನೆಟ್ಟಿನ ಮೇಲೆ ಕೊಂಬಿನ ಗಂಡುಗಳನ್ನು ಕಟ್ಟಿಕೊಂಡು.

ಹಾಗೆ ತಾಯಿ ಸತ್ತ ಮರಿಯೊಂದು ನಮ್ಮ ಹೊಲದ ಬದುವಿನಲ್ಲಿ ಬಿದ್ದಿತ್ತು. ಅತ್ತೆ ಮಡಿಲಿನಲ್ಲಿ ಹಾಕಿಕೊಂಡು ಬಂದರು. ಅದೇ ಸಮಯದಲ್ಲಿ ನನ್ನ ಗಂಡ ಪುಟ್ಟಮಾದಪ್ಪ ವಿಷಮಜ್ವರದಲ್ಲಿ ಮಲಗಿದ್ದರು. ಪಂಡಿತರು ಕೈ ತೊಳೆದುಕೊಂಡಿದ್ದರು. ಅತ್ತೆ ಒಂದು ಕೈಯಲ್ಲಿ ಮಗನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ಇನ್ನೊಂದು ಕೈಯಲ್ಲಿ ಮರಿಯ ಬಾಯಿಗೆ ಹಾಲಿನ ಬತ್ತಿ ಹಿಡಿಯುತ್ತ ಹರಕೆ ಹೊತ್ತರು: 'ಮಾದಪ್ಪ, ನನ್ ಮಗನ್ನ ಉಳ್ಸಿಕೊಡು. ಈ ಮರೀನ ಸಾಕಿ, ಕೊಂಬು ಬಲಿತ್ ಮೇಲೆ ನಿನ್ ಬೆಟ್ಟಕ್ಕೆ ತಂದು ಬುಡ್ತೀನಿ.'

ಅದು ನಮ್ಮ ಕಡೆಯ ಪದ್ಧತಿ. ಕರುವಾಗಲಿ ಮರಿಯಾಗಲಿ ಮಾದಪ್ಪನ ಹೆಸರು ಹೇಳಿ ಬಿಟ್ಟ ಮೇಲೆ ಅದು ದೇವರ ಸೊತ್ತು. ಅದನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಮಗ ಎದ್ದು ಕೂತರು. ಮರಿಯೂ ಎದ್ದು ನಿಂತಿತು. ಮರಿಯಪ್ಪ ಎಂದು ಕರೆದೆವು. ಅದು ಬೆಳೆದು ಬೆನ್ನೆಲ್ಲ ಕಪ್ಪಾಗಿ, ಹೊಟ್ಟೆ ಬೆಳ್ಳಗಾಗಿ, ತಲೆಯ ಮೇಲೆ ತಿರುಚಿದ ಕೊಂಬು ಎರಡು ಎದ್ದು ನಿಂತರೂ ಮರಿಯಪ್ಪನೇ.

ಮರಿಯಪ್ಪನಿಗೆ ಮನುಷ್ಯರೆಂದರೆ ಭಯವೇ ಇಲ್ಲ. ಮನೆಯಲ್ಲಿ ಬೆಳೆದ ಗಂಡು ಹುಲ್ಲೆ ಹಾಗೇ ಆಗುತ್ತದಂತೆ. ಪಂಚೆ ಉಟ್ಟವರನ್ನು ಕಂಡರೆ ತಲೆ ತಗ್ಗಿಸಿ ನುಗ್ಗುವನು. ಶಾಲೆಯ ಮೇಷ್ಟರು ನಮ್ಮ ಬೀದಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಅತ್ತೆಯ ಮುಂದೆ ಮಾತ್ರ ಬೆಕ್ಕಿನ ಹಾಗೆ ಮೈ ಉಜ್ಜುವನು, ಅವರ ಅಂಗೈಯಿಂದಲೇ ಹುರುಳಿ ತಿನ್ನುವನು. ಅವರು ಅವನ ಕೊರಳಿಗೆ ಸತ್ತುಹೋದ ಎತ್ತಿನ ಹಿತ್ತಾಳೆ ಗಂಟೆ ಕಟ್ಟಿದ್ದರು. ಅದರ ನಾಲಿಗೆ ಬಿದ್ದುಹೋಗಿ, ನನ್ನ ಗಂಡ ಲಾರಿಯ ನಟ್ಟೊಂದನ್ನು ದಾರದಲ್ಲಿ ಕಟ್ಟಿದ್ದರಿಂದ ಅದು ಎಲ್ಲ ಗಂಟೆಗಳ ಹಾಗೆ ಟಣ್ ಎನ್ನದೆ ಟೊಣ್ ಟೊಣ್ ಎನ್ನುತ್ತಿತ್ತು. ಊರಿಗೇ ಗೊತ್ತಿದ್ದ ಸದ್ದು.

ಬಯಲಿನ ಮಂದೆಯಲ್ಲಿ ಕಡೆಗೆ ಉಳಿದದ್ದು ಮೂರು ಹೆಣ್ಣು. ಬೆಳಿಗ್ಗೆ ನಾವು ಮರಿಯಪ್ಪನ ಹಗ್ಗ ಬಿಚ್ಚಿದರೆ ಅವನು ಟೊಣ್ ಟೊಣ್ ಎಂದು ಬಯಲಿಗೆ ಹೊರಡುವನು. ಆ ಸದ್ದು ಕೇಳಿದರೆ ಸಾಕು, ಎಲ್ಲೋ ದೂರದಲ್ಲಿದ್ದ ಮೂರೂ ತಲೆ ಎತ್ತಿ, ನಮ್ಮ ಹೊಲದ ಬದುವಿನವರೆಗೆ ಓಡಿ ಬಂದು ನಿಲ್ಲುವವು. ಸಂಜೆ ಅಲ್ಲಿಯವರೆಗೆ ಬಂದು ಬಿಟ್ಟು ಹೋಗುವವು. ಮರಿಗಳಾದರೆ ಉಳಿಯುತ್ತಿರಲಿಲ್ಲ, ಊರ ನಾಯಿ, ಇಲ್ಲದಿದ್ದರೆ ನರಿ.

ಹರಕೆಯ ಮಾತು ಏನಾಯಿತು ಎಂದರೆ, ಅತ್ತೆ ವರ್ಷಾ ವರ್ಷಾ ಮಾದಪ್ಪನಿಗೇ ಟೋಪಿ ಹಾಕುತ್ತಿದ್ದರು. ಕೊಂಬು ಇನ್ನೂ ಎಳೆಯದು. ಈ ಸಲ ಮಳೆ ಜೋರು. ಇನ್ನೊಂದು ಸುತ್ತು ಬರಲಿ. ಬಿಡಲು ಮನಸ್ಸಿಲ್ಲ ಎಂದು ನೇರವಾಗಿ ಹೇಳುವವರಲ್ಲ. ಅವರಿಗೆ ಆ ಪ್ರಾಣಿಯ ಮೇಲೆ ಇದ್ದ ಪ್ರೀತಿಯ ಕಾಲು ಭಾಗ ನನ್ನ ಮೇಲಿದ್ದರೆ ನಾನು ಈ ಮಾತನ್ನೆಲ್ಲ ಇಷ್ಟು ಉಪ್ಪುಖಾರ ಹಾಕಿ ಹೇಳುತ್ತಿರಲಿಲ್ಲ.

ಹೀಗಿರುವಾಗ ಮೈಸೂರಿನ ಜೂನವರು ಬಂದರು. ಸ್ವಾತಂತ್ರ್ಯ ಬಂದಿತ್ತು; ರಾಗಿಗೆ ಮಾತ್ರ ಇನ್ನೂ ರೇಷನ್ನು. ಒಂದು ಲಾರಿ, ಬಲೆ ಹಿಡಿದ ಆಳುಗಳು. ಬಯಲಿನ ಒಂದು ಕಡೆ ಬಲೆ ಕಟ್ಟಿ, ಇನ್ನೊಂದು ಕಡೆಯಿಂದ ಮೆಲ್ಲಗೆ ಸೊಪ್ಪು ಬೀಸುತ್ತ ಬಂದು, ಮೂರು ಹೆಣ್ಣುಗಳನ್ನೂ ಹಿಡಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಹುಲ್ಲು ಹಾಸಿದ ಪೆಟ್ಟಿಗೆಗಳಲ್ಲಿಟ್ಟರು. ಊರಿಗೆ ಊರೇ ನೋಡಲು ನಿಂತಿತ್ತು. ಜೂನಲ್ಲಿ ಹುಲಿ ಇದೆ ಎನ್ನುವುದು ಎಲ್ಲರಿಗೂ ಗೊತ್ತು. ಹುಲಿಗೆ ಹೊಟ್ಟೆ ಇದೆ ಎನ್ನುವುದೂ ಗೊತ್ತು. ಇನ್ನು ಯೋಚನೆ ಮಾಡುವುದೇನಿದೆ ಎಂದು ದೊಡ್ಡಬಸಮ್ಮ ಅಂದಳು. ಅವಳ ಮಾತನ್ನು ಅತ್ತೆ ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರಿಯಪ್ಪನ ಕೊರಳಲ್ಲಿ ಗಂಟೆ ಇದ್ದುದರಿಂದ ಅವನಿಗೆ ಬಲೆ ಹಾಕಲಿಲ್ಲ. ಯಾರ ಮನೆಯದು ಎಂದು ವಿಚಾರಿಸಿಕೊಂಡು ಅವರ ಯಜಮಾನ ನಮ್ಮ ಜಗಲಿಗೆ ಬಂದರು. ಗುರುಪಾದಸ್ವಾಮಿ ಎಂದು ಹೆಸರು, ನಂಜನಗೂಡಿನ ಕಡೆಯವರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ. ನಮ್ಮ ಜನವೇ. ಬೇರೆಯವರಾಗಿದ್ದರೆ ಇದು ನಂಬಿಕೆಗೆ ದಾರಿಯಾಗುತ್ತಿತ್ತು. ಅತ್ತೆಗೆ ಇದೇ ದೊಡ್ಡ ಅನುಮಾನವಾಯಿತು. ಲಿಂಗ ಕಟ್ಟಿದವನಿಗೆ ಹುಲಿ ಸಾಕುವ ಮನೆಯಲ್ಲಿ ಏನು ಕೆಲಸ? ಅವರ ಮಠ ಯಾವುದು, ತಾಯಿಯ ಊರು ಯಾವುದು, ಯಾರ ಮನೆಯಲ್ಲಿ ಹೆಣ್ಣು ತಂದರು ಎಂದೆಲ್ಲ ಕೇಳಿ, ಎಲ್ಲಿ ತಪ್ಪುತ್ತಾರೆ ಎಂದು ಕಾದರು. ಅವರು ಎಲ್ಲೂ ತಪ್ಪಲಿಲ್ಲ. ಅದೂ ಅನುಮಾನವೇ.

ಅವರು ಮಜ್ಜಿಗೆ ಕುಡಿದು ವಿಷಯ ಹೇಳಿದರು. ಸುತ್ತಲಿನ ಸೀಮೆಯನ್ನೆಲ್ಲ ತಿರುಗಿ ಬಂದಿದ್ದರಂತೆ. ಹೆಣ್ಣು ಅಲ್ಲೊಂದು ಇಲ್ಲೊಂದು ಇರಬಹುದು, ಗಂಡನ್ನು ಕೊಂಬಿನ ಆಸೆಗೆ ಹೊಡೆದು ಮುಗಿಸಿದ್ದಾರೆ. ಹಿಡಿದ ಮೂರೂ ಈಚೆಗೆ ಮರಿ ಹಾಕಿ ಕಳೆದುಕೊಂಡವು, ಈಗ ಹೊಟ್ಟೆ ಬರಿದು. ಮರಿಯಪ್ಪ ಅವುಗಳ ಜೊತೆ ಬೇಲಿಯೊಳಗೆ ಇದ್ದರೆ ಮರಿಗಳು ನಾಯಿ ನರಿಯ ಬಾಯಿಗೆ ಬೀಳದೆ ಉಳಿಯುತ್ತವೆ.

'ನಿಮ್ಮ ಮನೇದು ಒಂದೇ ಗಂಡು ಉಳಿದಿರೋದು ಅಮ್ಮ' ಅಂದರು. 'ಇದು ಹೋದರೆ ಈ ಬಯಲಿನ ಹುಲ್ಲೆ ವಂಶ ಮುಗೀತು. ಮಂದೆ ಬೆಳೀಲಿ, ಬಂದೂಕದವರ ಹಾವಳಿ ನಿಲ್ಲಲಿ, ಆಮೇಲೆ ನಾನೇ ತಂದು ಇಲ್ಲೇ ಬಿಡ್ತೀನಿ.'

ಅತ್ತೆ ಕೇಳಿದರು: 'ನಿಮ್ ಜೂನಗೆ ಉಲಿ ಅವಲ್ಲ ಬುದ್ದಿ, ಅವುಕ್ಕೆ ಏನ್ ಆಕ್ತೀರಿ?'

ಆ ಮನುಷ್ಯ ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತೋ. ಅವರು ತಲೆ ತಗ್ಗಿಸಿ, 'ಮಾಂಸ ಅಮ್ಮ. ಮುದಿ ದನದ್ದು' ಅಂದರು.

ಅತ್ತೆ ಎದ್ದು ಒಳಗೆ ಹೋದರು. ನನ್ನ ಗಂಡ ಹೇಗೋ ಮಾತು ತೇಲಿಸಿ, ಯೋಚನೆ ಮಾಡುತ್ತೇವೆ ಎಂದರು. ಗುರುಪಾದಸ್ವಾಮಿಗಳು ಬೇಸರ ಮಾಡಿಕೊಳ್ಳಲಿಲ್ಲ. ಮೈಸೂರಿಗೆ ಬಂದು ಹೆಣ್ಣುಗಳು ಹೇಗಿವೆ ನೋಡಿ ಹೋಗಿ, ಅಮಾವಾಸ್ಯೆ ಕಳೆದ ಮೇಲೆ ನಾನು ಬರುತ್ತೇನೆ ಎಂದು ಹೇಳಿ ಹೊರಟರು.

ಮಾರನೆಯ ಬೆಳಿಗ್ಗೆ ಮರಿಯಪ್ಪ ಬಯಲಿಗೆ ಹೋದವನು ಬದುವಿನ ಹತ್ತಿರವೇ ನಿಂತುಬಿಟ್ಟ. ಮೇಯಲಿಲ್ಲ. ಆಗಾಗ ಕೊರಳು ಅಲ್ಲಾಡಿಸಿ ಗಂಟೆ ಬಾರಿಸುವನು, ಕಿವಿ ನಿಮಿರಿಸುವನು. ಯಾರೂ ಬರುತ್ತಿರಲಿಲ್ಲ. ಇದನ್ನು ನೋಡಲಾರದೆ ನಾನೇ ಅತ್ತೆಗೆ ಹೇಳಿದೆ, ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರೋಣ ಎಂದು. ನಿನ್ನ ಮಹಾರಾಜರ ಊರು ನೋಡುವ ಆಸೆ ನಿನಗೆ ಎಂದರು. ಆದರೂ ಹೊರಟರು. ಅಗರದಲ್ಲಿ ನಮ್ಮ ತೌರಿನಲ್ಲಿ ಉಳಿದು ಮೈಸೂರಿನ ಬಸ್ಸು ಹಿಡಿದೆವು.

ನಿಜ ಹೇಳುತ್ತೇನೆ, ಆ ಹುಲ್ಲೆಗಳು ಸುಖವಾಗಿದ್ದವು. ಎತ್ತರದ ತಂತಿ ಬೇಲಿ, ಒಳಗೆ ಅಗಲವಾದ ಜಾಗ, ಹೊಂಗೆ ಮರದ ನೆರಳು, ತೊಟ್ಟಿಯಲ್ಲಿ ನೀರು, ಹಸಿ ಹುಲ್ಲಿನ ಹೊರೆ. ನಮ್ಮ ಬಯಲಿನಲ್ಲಿ ಪಕ್ಕೆಲುಬು ಎಣಿಸುವ ಹಾಗಿದ್ದಂಥವು ಇಲ್ಲಿ ಮೈ ತುಂಬಿಕೊಂಡಿದ್ದವು. ನನಗೆ ಸಮಾಧಾನವಾಯಿತು. ಅತ್ತೆಯ ಕಡೆ ತಿರುಗಿದರೆ ಅವರ ಮುಖ ಇನ್ನೂ ಬಿಗಿದುಕೊಂಡಿತ್ತು.

'ಕುರಿ ಸಾಕೋರು ಕುರಿ ಮೇಯ್ಸಾದು ಯಾತುಕ್ಕವ್ವ?' ಎಂದು ನನ್ನ ಕಿವಿಯಲ್ಲಿ ಕೇಳಿದರು.

ಅಷ್ಟರಲ್ಲಿ ಆಳೊಬ್ಬ ಮುಚ್ಚಿದ ಬಕೀಟು ಹೊತ್ತುಕೊಂಡು ನಮ್ಮ ಮುಂದೆಯೇ ಹಾದುಹೋದ. ಹಸಿ ಮಾಂಸದ ವಾಸನೆ. ನಾವು ಕಂಡು ಕೇಳದ ವಾಸನೆ. ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಲ್ಲಿಂದ ಹೆಚ್ಚುಕಡಿಮೆ ಓಡಿದರು. ಹುಲಿಯನ್ನು ನೋಡಲಿಲ್ಲ, ಆನೆಯನ್ನು ನೋಡಲಿಲ್ಲ, ನನಗೂ ನೋಡಲು ಬಿಡಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಒಂದೇ ಮಾತು: ಹರಕೆ ತೀರಿಸಿಬಿಡಬೇಕು. ಮಾದಪ್ಪನ ಸೊತ್ತನ್ನು ಇಷ್ಟು ವರ್ಷ ಇಟ್ಟುಕೊಂಡದ್ದಕ್ಕೇ ಇವರೆಲ್ಲ ಕಣ್ಣು ಹಾಕಿದ್ದು.

ನಾನು ಹೇಳಿ ನೋಡಿದೆ. ಬಯಲಲ್ಲಿ ಹುಟ್ಟಿದ ಪ್ರಾಣಿ, ಅದಕ್ಕೆ ಬೆಟ್ಟ ಕಾಡು ಗೊತ್ತಿಲ್ಲ ಎಂದೆ. ಓಹೋ, ನಿನಗೆ ಜೂನವರು ಏನು ಕೊಟ್ಟರು ಎಂದು ಕೇಳಿದರು. ನನ್ನ ಗಂಡನಿಗೆ ಹೇಳಿದರೆ, ಅವರ ಜೀವ ಉಳಿದದ್ದೇ ಆ ಹರಕೆಯಿಂದ. ಅವರು ಏನು ತಾನೆ ಅನ್ನುತ್ತಾರೆ? ತಾಯಿಗೆ ಎದುರು ಹೇಳಿದರೆ ತಮ್ಮ ಜೀವವನ್ನೇ ತಕರಾರು ಮಾಡಿದ ಹಾಗೆ. ಸುಮ್ಮನೆ ಗಾಡಿಯ ಕೀಲಿಗೆ ಎಣ್ಣೆ ಹಾಕತೊಡಗಿದರು.

ಅಮಾವಾಸ್ಯೆಗೆ ಮುಂಚೆಯೇ ಹೊರಟೆವು. ಮರಿಯಪ್ಪನನ್ನು ಗಾಡಿಯಲ್ಲಿ ಹುಲ್ಲಿನ ಮೇಲೆ ಕಟ್ಟಿದ್ದೆವು. ಅತ್ತೆ ಅವನ ಪಕ್ಕದಲ್ಲೇ ಕೂತು, ಕೊಳ್ಳೇಗಾಲ ದಾಟುವವರೆಗೆ ಅವನ ಮೇಲೆ ಕಂಬಳಿ ಹೊದಿಸಿದ್ದರು, ಜೀಪಿನವರು ನೋಡಿಯಾರು ಎಂದು. ಹನೂರಿನಲ್ಲಿ ನೆಂಟರಾದ ಸದಾಶಿವಪ್ಪನವರ ಮನೆಯಲ್ಲಿ ಇಳಿದೆವು. ಅವರು ಹುಲ್ಲೆಯನ್ನು ನೋಡಿ, ಎಲ್ಲಿ ಬಿಡುತ್ತೀರಿ ಎಂದು ಕೇಳಿದರು. ತಾಳಬೆಟ್ಟದಲ್ಲಿ ಎಂದೆವು, ಅಲ್ಲಿಂದಾಚೆಗೆ ಬೆಟ್ಟ ಹತ್ತುವ ದಾರಿ, ಇವನ ಗೊರಸಿಗೆ ಬಂಡೆ ಹಿಡಿಯುವುದಿಲ್ಲ. ಸದಾಶಿವಪ್ಪನವರು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು ಕೂತರು. ಅಲ್ಲಿ ಹುಲಿ ಓಡಾಡುತ್ತಿದೆ, ಮೊನ್ನೆ ಯಾತ್ರೆಯವರ ಎತ್ತನ್ನೇ ಹೊತ್ತುಕೊಂಡು ಹೋಯಿತು ಎಂದರು.

ಅತ್ತೆಯ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. 'ಅದು ಮಾದಪ್ಪ ಸವಾರಿ ಮಾಡೋ ಉಲಿ ಕಣಪ್ಪ. ಒಡೆಯನ ಸೊತ್ತ ಅದು ಮುಟ್ಟೀತಾ? ಮೈಸೂರ್ನಲ್ಲಿರಾದು ಯಾರ ಉಲಿನೋ ಏನೋ.'

ಗಾಣದವನ ಹೆಬ್ಬೆಟ್ಟನ್ನು ನಂಬದವರು, ಸ್ವಂತ ಸೊಸೆಯ ಗಂಟು ಬಿಚ್ಚಿಸಿ ನೋಡುವವರು, ಕಾಡಿನ ಹುಲಿಯನ್ನು ಇಷ್ಟು ಸಲೀಸಾಗಿ ನಂಬಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಮಾದಪ್ಪನ ವಿಷಯದಲ್ಲಿ ಬಾಯಿ ಬಿಡಲು ನನಗೂ ಭಯ. ನನ್ನ ಗಂಡ ಎದುರಿಗೇ ಕೂತಿದ್ದರು, ಗಟ್ಟಿಮುಟ್ಟಾಗಿ, ಉಸಿರಾಡುತ್ತ.

ತಾಳಬೆಟ್ಟದಲ್ಲಿ ಮರಿಯಪ್ಪನ ಹಣೆಗೆ ವಿಭೂತಿ ಹಚ್ಚಿದರು, ಕೊಂಬಿಗೆ ಹೂವು ಸುತ್ತಿದರು. ಗಂಟೆ ಬಿಚ್ಚಿಬಿಡೋಣ ಎಂದು ನನ್ನ ಗಂಡ ಕೊರಳಿಗೆ ಕೈ ಹಾಕಿದರೆ ಅತ್ತೆ ತಡೆದರು. ಗಂಟೆ ಇದ್ದರೆ ದೇವರ ಸೊತ್ತು ಎಂದು ಹುಲಿಗೂ ತಿಳಿಯುತ್ತದೆ, ಕಳ್ಳರಿಗೂ ತಿಳಿಯುತ್ತದೆ. ಹಗ್ಗ ಮಾತ್ರ ಬಿಚ್ಚಿದರು. ಕೊನೆಯ ಹಿಡಿ ಹುರುಳಿಯನ್ನು ಅಂಗೈಯಲ್ಲಿ ತಿನ್ನಿಸಿ, 'ಓಗಪ್ಪ' ಅಂದರು.

ಅವನೆಲ್ಲಿ ಹೋದಾನು? ನಾವು ಬೆಟ್ಟದ ದಾರಿ ಹಿಡಿದರೆ ಟೊಣ್ ಟೊಣ್ ಎಂದು ಹಿಂದೆಯೇ ಬಂದ. ಗದರಿದರು, ಬಾಲ ಆಡಿಸಿದ. ಸೆರಗು ಬೀಸಿದರು, ಆಟವೆಂದುಕೊಂಡು ತಲೆ ತಗ್ಗಿಸಿದ. ಅತ್ತೆ ಒಂದು ಹೆಂಟೆ ಮಣ್ಣು ತೆಗೆದು ಎಸೆದರು. ಅವನು ಅದನ್ನು ಮೂಸಿ ನೋಡಿ ಮತ್ತೆ ಬಂದ. ಆಗ ಅವರು ಕಲ್ಲು ತೆಗೆದುಕೊಂಡರು. ಮೊದಲನೆಯದು ಕಾಲ ಹತ್ತಿರ ಬಿತ್ತು. ಇನ್ನೊಂದು ಹೋಗಿ ಮೂಗಿನ ಮೇಲೆ ತಗುಲಿತು. ಅವನು ನಿಂತ. ಅತ್ತೆಯನ್ನೇ ನೋಡಿದ. ಆಮೇಲೆ ತಿರುಗಿ, ಅವಸರವಿಲ್ಲದೆ, ಪೊದೆಗಳ ಕಡೆ ನಡೆದ. ಗಂಟೆಯ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತು.

ಗುಡಿಯಲ್ಲಿ ಕಾಯಿ ಒಡೆಸಿದ ಮೇಲೆ ಅತ್ತೆಯ ಮುಖ ಗೆಲುವಾಯಿತು. ಮರುದಿನ ಇಳಿದು ಬರುವಾಗ ತಾಳಬೆಟ್ಟದಲ್ಲಿ ನಿಂತು ಮೂವರೂ ಕಿವಿಗೊಟ್ಟೆವು. ಏನೂ ಕೇಳಲಿಲ್ಲ. ಮಾದಪ್ಪ ಕರೆದುಕೊಂಡ ಎಂದು ಅತ್ತೆ ಕೈ ಮುಗಿದರು.

ಹೇಳಿದ ಮಾತಿನಂತೆ ಅಮಾವಾಸ್ಯೆ ಕಳೆದು ಗುರುಪಾದಸ್ವಾಮಿಗಳು ಬಂದರು. ಲಾರಿಯಲ್ಲಿ ಒಂದೇ ಪೆಟ್ಟಿಗೆ. ಕೊಂಬು ತಾಗದಿರಲಿ ಎಂದು ಅದರ ಗೋಡೆಗೆಲ್ಲ ಗೋಣಿ ಹೊಲೆಸಿದ್ದರು. ಅತ್ತೆ ಬಾಗಿಲಲ್ಲೇ ನಿಂತು, ಗೆದ್ದವರ ಹಾಗೆ, ಮಾದಪ್ಪನ ಸೊತ್ತು ಮಾದಪ್ಪನಿಗೆ ಸೇರಿತು ಎಂದರು. ಎಲ್ಲಿ ಬಿಟ್ಟಿರಿ ಎಂದು ಗುರುಪಾದಸ್ವಾಮಿಗಳು ಕೇಳಿದರು. ಹೇಳಿದೆವು. ಅವರು ಜಗಲಿಯ ಮೇಲೆ ಕೂತರು. ಒಂದೇ ಮಾತು ಕೇಳಿದರು: 'ಗಂಟೆ ಬಿಚ್ಚಿದ್ರಾ ತಾಯಿ?'

ಇಲ್ಲ ಎಂದು ನನ್ನ ಗಂಡ ತಲೆ ಅಲ್ಲಾಡಿಸಿದರು. ಅವರು ಕಣ್ಣು ಒರೆಸಿಕೊಂಡು ಹೊರಟರು. ಆಳುಗಳು ಖಾಲಿ ಪೆಟ್ಟಿಗೆಯ ಬಾಗಿಲು ಹಾಕಿಕೊಂಡರು. ನಾಟಕ ಎಂದರು ಅತ್ತೆ. ಆದರೆ ಆ ರಾತ್ರಿ ಅವರ ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯಿತು.

ಅದಾದ ಮೇಲೆ ಸ್ವಲ್ಪ ದಿನಕ್ಕೆ ಚಿಕ್ಕಮಾದಯ್ಯ ಬಂದ. ಮಾದಪ್ಪನ ಪದ ಹಾಡಿಕೊಂಡು ಊರೂರು ತಿರುಗುವ ಮುದುಕ. ನಮ್ಮ ಹಟ್ಟಿಯಲ್ಲಿ ಮಜ್ಜಿಗೆ ಕುಡಿಯದೆ ಹೋದವನಲ್ಲ. ಅಂದು ಅವನು ಕಂಸಾಳೆ ತೆಗೆಯಲಿಲ್ಲ. ಜೋಳಿಗೆಗೆ ಕೈ ಹಾಕಿ ಗಂಟೆಯನ್ನು ತೆಗೆದು ಜಗಲಿಯ ಮೇಲಿಟ್ಟ. ತಾಳಬೆಟ್ಟದ ಮೇಲಿನ ನೀರಿನ ಹತ್ತಿರ ಸಿಕ್ಕಿತಂತೆ. ಲಾರಿಯ ನಟ್ಟು ನೋಡಿ ನಮ್ಮದೆಂದು ತಿಳಿದನಂತೆ. ಚರ್ಮದ ಪಟ್ಟಿ ಹರಿದಿತ್ತು, ಒಣಗಿ ಕಪ್ಪಾಗಿತ್ತು.

ಅತ್ತೆ ಅದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. 'ಯಾವನಾರ ಕಳ್ನನ್ಮಗ ಗುಂಡಲ್ಲಿ ಒಡ್ದಿರ್ಬೇಕು. ಅಲ್ವಾ ಚಿಕ್ಕಮಾದಯ್ಯ?' ಅಂದರು. ಮಗನ ಮುಖ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಊರಿನವರೆಲ್ಲ ಕಳ್ಳರೆಂದು ಹೇಳಿಕೊಂಡು ಬಂದವರು, ಆ ಹೊತ್ತು ಯಾರಾದರೂ ಒಬ್ಬ ಕಳ್ಳ ನಿಜವಾಗಿಯೂ ಇದ್ದರೆ ಸಾಕು ಎಂದು ನಮ್ಮನ್ನು ಬೇಡುತ್ತಿದ್ದರು. ಎಷ್ಟು ಜಗಳವಾಡಿದ್ದೇನೆ ಅವರ ಜೊತೆ. ಅಂದು ಮಾತ್ರ, ಹೌದು ಅತ್ತೆ, ಗುಂಡೇ ಇರಬೇಕು ಎಂದುಬಿಡೋಣ ಅನ್ನಿಸಿತು.

ಚಿಕ್ಕಮಾದಯ್ಯ ಪಟ್ಟಿಯನ್ನು ಬೆಳಕಿಗೆ ಹಿಡಿದು ತೂತುಗಳನ್ನು ತೋರಿಸಿದ. 'ಗುಂಡಲ್ಲ ಕಣವ್ವ' ಅಂದ. 'ಕೋರೆ ಅಲ್ಲು.'

ಸೋಮವಾರ ಬಂತು. ನಮ್ಮ ಮನೆಯಲ್ಲಿ ಸೋಮವಾರ ಮಾದಪ್ಪನಿಗೆ ಧೂಪ ಹಾಕುವವರು ಅತ್ತೆಯೇ. ಅವರು ಧೂಪದ ಬಟ್ಟಲು ಮುಟ್ಟಲಿಲ್ಲ. ನಾನು ಹಾಕಲೇ ಎಂದು ಕೇಳಿದರೆ ನಿನ್ನಿಷ್ಟ ಎಂದರು. ಹುಟ್ಟಿದಾಗಿನಿಂದ ಅವರು ಅನುಮಾನಪಡದೆ ನಂಬಿದ್ದು ಒಬ್ಬನನ್ನು. ಹಟ್ಟಿಯ ಮೂಲೆಯಲ್ಲಿ ಮರಿಯಪ್ಪನ ಗೂಟದ ಹತ್ತಿರ ಕೂತು, ಗಂಟೆಯ ನಟ್ಟನ್ನು ಬೆರಳಲ್ಲಿ ಹಿಡಿದುಕೊಂಡು, ಅದು ಸದ್ದು ಮಾಡದ ಹಾಗೆ ನೋಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ತಾವೇ ಎದ್ದು ನನ್ನ ಹತ್ತಿರ ಬಂದು, ಮೈಸೂರಿಗೆ ಹೋಗಿ ಬರೋಣ ನಡಿಯವ್ವ ಎಂದರು. ನಿನ್ನ ಮಹಾರಾಜರ ಊರು ಎನ್ನಲಿಲ್ಲ.

ಗುರುಪಾದಸ್ವಾಮಿಗಳು ನಮ್ಮನ್ನು ಕಂಡು ಎದ್ದು ಬಂದರು. ಏನೂ ಕೇಳದೆ ಹುಲ್ಲೆಗಳ ಬೇಲಿಯ ಹತ್ತಿರ ಕರೆದುಕೊಂಡು ಹೋದರು. ಗಂಡನ್ನು ಎಲ್ಲೆಲ್ಲೋ ಹುಡುಕಿಸುತ್ತಿದ್ದಾರಂತೆ. ಈವರೆಗೆ ಎಲ್ಲೂ ಸಿಕ್ಕಿಲ್ಲವಂತೆ. ಸಿಕ್ಕದಿದ್ದರೆ ಇವು ಹೀಗೇ ಮುದಿಯಾಗಿ ಹೋಗುತ್ತವೆ ಎಂದರು. ಮೂರು ಹೆಣ್ಣೂ ಆಚೆ ತುದಿಯಲ್ಲಿ, ಹೊಂಗೆಯ ನೆರಳಿನಲ್ಲಿ ಮಲಗಿದ್ದವು. ನಮ್ಮನ್ನು ಕಂಡು ಒಂದೂ ಮೇಲೇಳಲಿಲ್ಲ.

'ಇದ ನೀವೇ ಇಟ್ಕಳಿ ಬುದ್ದಿ' ಎಂದು ಅತ್ತೆ ಸೊಂಟದ ಗಂ‌ಟು ಬಿಚ್ಚಿದರು. ಗಂಟೆ ಸೆರಗಿನಿಂದ ಜಾರಿ ನಟ್ಟು ಆಡಿತು. ಟೊಣ್ ಟೊಣ್.

ಮೂರೂ ತಲೆಗಳು ಒಮ್ಮೆಗೇ ಮೇಲೆದ್ದವು. ಮರುಗಳಿಗೆ ನೆಗೆದು ಓಡಿ ಬಂದವು, ಬಯಲಿನಲ್ಲಿ ನಮ್ಮ ಬದುವಿಗೆ ಬರುತ್ತಿದ್ದ ಹಾಗೆಯೇ. ತಂತಿಗೆ ಮೂಗು ತಾಗಿಸಿ ನಿಂತವು. ಅತ್ತೆಯನ್ನು ನೋಡಲಿಲ್ಲ, ಗಂಟೆಯನ್ನೂ ನೋಡಲಿಲ್ಲ. ಕಿವಿ ನಿಮಿರಿಸಿಕೊಂಡು ನಮ್ಮ ಬೆನ್ನ ಹಿಂದಿನ ದಾರಿಯನ್ನು ನೋಡಿದವು. ಅವು ನೋಡಿದ್ದನ್ನು ಕಂಡು ಅತ್ತೆಯೂ ತಿರುಗಿ ನೋಡಿದರು. ದಾರಿಯಲ್ಲಿ ಕಡಲೇಕಾಯಿ ಮಾರುವವನೊಬ್ಬ ಬುಟ್ಟಿ ಇಳಿಸುತ್ತಿದ್ದ.

ಅತ್ತೆ ನಟ್ಟನ್ನು ಮುಷ್ಟಿಯಲ್ಲಿ ಹಿಡಿದು ಸದ್ದು ನಿಲ್ಲಿಸಿದರು. ಇನ್ನೊಂದು ಕೈಯನ್ನು ತಂತಿಯ ಮೇಲಿಟ್ಟು, ಹೆಣ್ಣುಮಕ್ಕಳ ಹತ್ತಿರ ಮಾತಾಡುವ ಹಾಗೆ ಹೇಳಿದರು: 'ಅವ್ನು ಬರಾಕಿಲ್ಲ ಕಣ್ರವ್ವ. ಓಗಿ ಮೇಯೋಗಿ.'

ಅವು ಹೋಗಲಿಲ್ಲ. ನಾವು ಬಸ್ಸಿಗೆ ಹೊತ್ತಾಯಿತೆಂದು ಹೊರಟಾಗಲೂ ಅಲ್ಲೇ ನಿಂತಿದ್ದವು.